ಮೂಡುಬಿದಿರೆ: ಕಾಯ್ದ ಊರು, ಬರೆದ ಕೈ

ತುಳುನಾಡಿನಲ್ಲಿ ಎರಡು ಬಿದಿರೆಗಳಿವೆ. ಕಡಲ ತಡಿಯಲ್ಲಿರುವುದು ಪಡುಬಿದ್ರೆ. ಅದಕ್ಕೆ ಮೂಡಲಲ್ಲಿ, ಘಟ್ಟದ ದಿಕ್ಕಿಗಿರುವುದು ಮೂಡುಬಿದಿರೆ. ಸಂಸ್ಕೃತದಲ್ಲಿ ಇದೇ ವೇಣುಪುರ. ಮಂಗಳೂರಿನಿಂದ ಸುಮಾರು 35 ಕಿ.ಮೀ. ದೂರದ ಈ ಪಟ್ಟಣದಲ್ಲಿ 18 ಬಸದಿಗಳಿವೆ. ಶ್ರಾವಕರು ಇದನ್ನು ಜೈನಕಾಶಿ ಎಂದು ಕರೆಯುತ್ತಾರೆ. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಸಾವಿರ ಕಂಬದ ಬಸದಿಯನ್ನು ನೋಡಿ, ಕಾರ್ಕಳದ ಗೊಮ್ಮಟನ ಕಡೆಗೆ ಹೊರಡುತ್ತಾರೆ. ಅದೇ ಬೀದಿಯ ಗುರುಬಸದಿಯಲ್ಲಿ ನಡೆದ ಘಟನೆಗಳು ಜೈನ ಆಗಮಸಾಹಿತ್ಯದ ಚರಿತ್ರೆಯ ಒಂದು ಮುಖ್ಯ ಅಧ್ಯಾಯವೆಂಬುದು ಅವರ ಗಮನಕ್ಕೆ ಬರುವುದು ಕಡಿಮೆ.

ಸಾವಿರ ಕಂಬದ ಬಸದಿಯ ಶಾಸ್ತ್ರೀಯ ನಾಮ ತ್ರಿಭುವನತಿಲಕ ಚೂಡಾಮಣಿ. ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, 1430ರಲ್ಲಿ ಇದರ ನಿರ್ಮಾಣ ಆರಂಭವಾಯಿತು. ಗರ್ಭಗೃಹದಲ್ಲಿ ಚಂದ್ರನಾಥಸ್ವಾಮಿಯ ಲೋಹಬಿಂಬವಿದೆ. ಕೆಳಗಿನ ನೆಲೆ ಕಲ್ಲಿನದು, ಮೇಲಿನ ನೆಲೆಗಳಲ್ಲಿ ಮರದ ಕೆಲಸವೇ ಪ್ರಧಾನ. ಕರಾವಳಿಯ ಮಳೆಗೆ ತಕ್ಕಂತೆ ಇಳಿಜಾರಾದ ಮಾಡು ಅದಕ್ಕಿದೆ. ವಾಸ್ತುಚರಿತ್ರಕಾರ ಜೇಮ್ಸ್ ಫರ್ಗುಸನ್ ಇದರಲ್ಲಿ ನೇಪಾಳದ ಕಟ್ಟಡಗಳ ಹೋಲಿಕೆಯನ್ನು ಕಂಡನು. ಎದುರಿನ ಎತ್ತರದ ಮಾನಸ್ತಂಭವನ್ನು ಮಾಡಿಸಿದವಳು ಕಾರ್ಕಳದ ಭೈರರಸರ ಮನೆತನದ ರಾಣಿ ನಾಗಲದೇವಿ. ಈ ಊರಿನ ಧರ್ಮಕಾರ್ಯಗಳಲ್ಲಿ ಅರಸರ ಜೊತೆಗೆ ಸೆಟ್ಟಿಕಾರರ ಧನವೂ ಸ್ತ್ರೀಯರ ದಾನವೂ ಕೂಡಿವೆ.

ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ, ಪಂಚನಾರೀತುರಗಗಳ ಕೆತ್ತನೆಯಿದೆ. ಕೊಡಂಗಲ್ಲಿನಲ್ಲಿ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಏರುವ ನಿಷಿಧಿಗಳು ನಿಂತಿವೆ. 'ಭರತೇಶ ವೈಭವ'ದ ಕವಿ ರತ್ನಾಕರವರ್ಣಿ ಇದೇ ಊರಿನವನು. ಸಾಹಿತ್ಯದ ವಿದ್ಯಾರ್ಥಿಗೆ ಈ ಪಟ್ಟಣ ಪೂಜ್ಯವೆನಿಸಲು ಇಷ್ಟೇ ಸಾಕು. ಆದರೂ ರತ್ನಾಕರನಿಗಿಂತ ಹಿಂದಿನ ತಾಳೆಗರಿಗಳು ಗುರುಬಸದಿಯಲ್ಲಿ ಉಳಿದು ಬಂದವು. ಆ ಗರಿಗಳ ಕಾರಣದಿಂದಲೇ ಪಾರ್ಶ್ವನಾಥಸ್ವಾಮಿಯ ಈ ಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರು ಬಂದಿತು.

ದಿಗಂಬರ ಪರಂಪರೆಯ ಪ್ರಕಾರ, ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು ತಮ್ಮಲ್ಲಿ ಉಳಿದಿದ್ದ ಶ್ರುತವನ್ನು ಪುಷ್ಪದಂತ ಮತ್ತು ಭೂತಬಲಿಗಳಿಗೆ ಉಪದೇಶಿಸಿದರು. ಅವರಿಬ್ಬರೂ ಅದನ್ನು ಪ್ರಾಕೃತದಲ್ಲಿ 'ಷಟ್ಖಂಡಾಗಮ'ವಾಗಿ ನಿಬಂಧಿಸಿದರು. ಜ್ಯೇಷ್ಠ ಶುಕ್ಲ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸುವುದು ಈ ಗ್ರಂಥದ ನೆನಪಿಗೆ. ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಇದರ ಮೊದಲ ಐದು ಖಂಡಗಳಿಗೆ 72,000 ಶ್ಲೋಕಪ್ರಮಾಣದ 'ಧವಲಾ' ಟೀಕೆಯನ್ನು ಬರೆದರು. ಗುಣಧರಾಚಾರ್ಯರ 'ಕಸಾಯಪಾಹುಡ'ಕ್ಕೆ ಅವರು ಆರಂಭಿಸಿದ 'ಜಯಧವಲಾ' ಟೀಕೆಯನ್ನು ಶಿಷ್ಯ ಜಿನಸೇನರು ಕ್ರಿ.ಶ. 837ರಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಮುಗಿಸಿದರು. ಆರನೆಯ ಖಂಡವಾದ 'ಮಹಾಬಂಧ'ವು ಮಹಾಧವಲವೆಂದು ಪ್ರಸಿದ್ಧವಾಯಿತು. ಈ ಮೂರು ಮಹಾಗ್ರಂಥಗಳ ಪ್ರಾಚೀನ ತಾಳೆಗರಿಗಳು ಉಳಿದದ್ದು ಮೂಡುಬಿದಿರೆಯಲ್ಲಿ. ಅವುಗಳ ಲಿಪಿ ಹಳಗನ್ನಡ.

ಕನ್ನಡದ ಸಂಶೋಧಕರು ಈ ಅಂಶವನ್ನು ಮತ್ತೆ ಮತ್ತೆ ನೆನೆಯಬೇಕು. ಸೌರಾಷ್ಟ್ರದ ಗುಹೆಯಲ್ಲಿ ಉಪದೇಶಗೊಂಡ ಪ್ರಾಕೃತ ಆಗಮವು ಇಪ್ಪತ್ತನೆಯ ಶತಮಾನಕ್ಕೆ ತಲುಪಿದ್ದು ಕನ್ನಡ ಲಿಪಿಕಾರರ ಕಂಠದ ಮೊನೆಯಿಂದ. ಧವಲಾ ಪ್ರತಿಯ ಕೊನೆಯಲ್ಲಿರುವ ಕನ್ನಡ ಪ್ರಶಸ್ತಿಪದ್ಯಗಳು ಪ್ರತಿಯನ್ನು ಬರೆಯಿಸಿದವಳನ್ನೂ ಹೆಸರಿಸುತ್ತವೆ. ಮಂಡಲಿನಾಡಿನ ಗಂಗ ಪೆರ್ಮಾಡಿಯ ಮನೆತನದ ದೇಮಿಯಕ್ಕ ನೋಂಪಿಯ ಉಜ್ಜವಣೆಯ ಸಂದರ್ಭದಲ್ಲಿ ಅದನ್ನು ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಶುಭಚಂದ್ರರು 1123ರಲ್ಲಿ ಸಮಾಧಿಮರಣ ಹೊಂದಿದುದನ್ನು ಶ್ರವಣಬೆಳಗೊಳದ ಶಾಸನ ತಿಳಿಸುವುದರಿಂದ, ಪ್ರತಿಯು ಅದಕ್ಕಿಂತ ಹಿಂದಿನದು. 'ಮಹಾಬಂಧ'ದ ಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟವಳು ಮಲ್ಲಿಕಬ್ಬೆ. ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ಸಾಹಿತ್ಯಚರಿತ್ರೆ ಸರಿಯಾಗಿಯೇ ಕೊಂಡಾಡಿದೆ. ದೇಮಿಯಕ್ಕನೂ ಮಲ್ಲಿಕಬ್ಬೆಯೂ ಅದೇ ಶಾಸ್ತ್ರದಾನದ ಸಾಲಿನವರು.

ಹೀಗೆ ಬಂದ ಗರಿಗಳು ಕಾಲಕ್ರಮದಲ್ಲಿ ಓದಿನ ವಸ್ತುವಾಗಿ ಉಳಿಯದೆ ದರ್ಶನದ ವಸ್ತುವಾದವು. ಯಾತ್ರಿಕರು ಅವುಗಳಿಗೆ ಅರ್ಘ್ಯವೆತ್ತಿ ನಮಸ್ಕರಿಸುತ್ತಿದ್ದರು; ಹಳೆಯ ಲಿಪಿಯನ್ನು ಓದಿ ಅರ್ಥೈಸಬಲ್ಲವರು ವಿರಳರಾದರು. 1880ರ ದಶಕದಲ್ಲಿ ಯಾತ್ರೆಗೆ ಬಂದ ಮುಂಬಯಿಯ ಸೇಠ್ ಮಾಣಿಕಚಂದರಿಗೆ ಗರಿಗಳ ಜೀರ್ಣಾವಸ್ಥೆ ಕಳವಳವನ್ನು ಉಂಟುಮಾಡಿತು. ಅವರು ಸೊಲ್ಲಾಪುರದ ಹೀರಾಚಂದ ನೇಮಚಂದರಿಗೆ ಬರೆದರು. ಶ್ರಾವಕರಿಂದ ಧನಸಂಗ್ರಹವಾಗಿ, 1896ರ ಸುಮಾರಿಗೆ ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜಿನ ಗಜಪತಿ ಶಾಸ್ತ್ರಿಗಳು ಪ್ರತಿಲೇಖನಕ್ಕೆ ತೊಡಗಿದರು. ಬ್ರಹ್ಮಸೂರಿಗಳು ನಡುವೆಯೇ ಕಾಲವಾದರು. ಗಜಪತಿಗಳು ಮುಂದುವರಿಸಿದರು. ಬೇರೆ ಬೇರೆ ಲಿಪಿಕಾರರ ಕೈಯಲ್ಲಿ ಸಾಗಿದ ಈ ಕಾರ್ಯ ಮುಗಿಯುವ ಹೊತ್ತಿಗೆ 1922 ಬಂದಿತ್ತು.

ಪ್ರತಿಗಳು ಬಸದಿಯಲ್ಲಿಯೇ ಇರತಕ್ಕದ್ದು ಎಂಬುದು ಸ್ಥಳೀಯರ ನಿಲುವಾಗಿತ್ತು. ಶತಮಾನಗಳ ಕಾಲ ಒಂದು ನಿಧಿಯನ್ನು ಮಳೆ, ಗೆದ್ದಲು, ಅರಾಜಕತೆಗಳಿಂದ ಕಾಪಾಡಿದವರಿಗೆ ಅದು ಹೊರಗೆ ಹೋದರೆ ಅವಿನಯಕ್ಕೆ ಗುರಿಯಾದೀತೆಂಬ ಭಯವಿದ್ದುದು ಸಹಜ. ಗಜಪತಿ ಶಾಸ್ತ್ರಿಗಳಿಗಾದರೋ ಓದಲಾಗದ ಆಗಮ ಮತ್ತೊಮ್ಮೆ ಮರೆವಿಗೆ ಸಂದೀತೆಂಬ ಭಯ. ಅವರು ಮನೆಯಲ್ಲಿ ಗುಪ್ತವಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿದರು. ಅದರ ಬರವಣಿಗೆಯಲ್ಲಿ ಪತ್ನಿ ಲಕ್ಷ್ಮೀಬಾಯಿಯವರೂ ಕೈಗೂಡಿಸಿದರು. ಆ ಪ್ರತಿ ಉತ್ತರದ ಸಹಾರನಪುರವನ್ನು ಸೇರಿತು. ಅಲ್ಲಿ ನಾಗರಿಗೆ ಇಳಿದು, ಪ್ರತಿಯಿಂದ ಪ್ರತಿಯಾಗಿ ಹಲವು ಊರುಗಳಿಗೆ ಹರಡಿತು. ಅವುಗಳ ಆಧಾರದಿಂದ ಡಾ. ಹೀರಾಲಾಲ್ ಜೈನ್ ಅವರು 'ಷಟ್ಖಂಡಾಗಮ'ದ ಮೊದಲ ಸಂಪುಟವನ್ನು 1939ರಲ್ಲಿ ಅಮರಾವತಿಯಿಂದ ಪ್ರಕಟಿಸಿದರು. ಮುಂದೆ ಧವಲಾ ಸಹಿತವಾದ ಆ ಗ್ರಂಥ 16 ಸಂಪುಟಗಳಲ್ಲಿ ಪೂರ್ಣಗೊಂಡಿತು.

ಕಥೆ ಇಲ್ಲಿಗೇ ನಿಂತಿದ್ದರೆ ಕಾಯ್ದವರಿಗಿಂತ ನಕಲು ಮಾಡಿದವರೇ ಹೆಚ್ಚೆಂದು ಹೇಳಬಹುದಾಗಿತ್ತು. ಆದರೆ ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ಸಂಪಾದಕರಿಗೆ ಒಂದು ಪದದ ಕೊರತೆ ಕಂಡಿತು. ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವ ಸೂತ್ರವದು. ವೀರಸೇನರ ಟೀಕೆಯ ಚರ್ಚೆ ಸಂಗತವಾಗಬೇಕಾದರೆ ಅಲ್ಲಿ ಸಂಯತ ಎಂಬರ್ಥದ 'ಸಂಜದ' ಶಬ್ದ ಇರಲೇಬೇಕು. ಕೈಗೆ ಸಿಕ್ಕ ಪ್ರತಿಗಳಲ್ಲಿ ಅದಿರಲಿಲ್ಲ. ಸಂಪಾದಕರು ಅಡಿಟಿಪ್ಪಣಿಯಲ್ಲಿ ಸೂಚನೆ ಕೊಟ್ಟರು. ವಾದ ಎದ್ದಿತು. ಪದವಿದ್ದರೆ ಮಹಾವ್ರತದ ಭೂಮಿಕೆ ಮನುಷ್ಯಿಣಿಗೂ ಅನ್ವಯಿಸುತ್ತದೆ. ಆಗ ದಿಗಂಬರ ಸಿದ್ಧಾಂತದ ಸ್ತ್ರೀಮುಕ್ತಿನಿಷೇಧದ ಗತಿಯೇನು ಎಂಬುದು ಪ್ರತಿವಾದಿಗಳ ಪ್ರಶ್ನೆ. ಇಲ್ಲಿನ ಮಾತು ದೇಹವನ್ನು ಕುರಿತದ್ದಲ್ಲ, ಭಾವವೇದವನ್ನು ಕುರಿತದ್ದು ಎಂಬುದು ಟೀಕೆಯಲ್ಲಿಯೇ ದೊರೆಯುವ ಸಮಾಧಾನ. ವ್ಯಾಖ್ಯಾನ ಹೇಗೆಯೇ ಇರಲಿ, ಮೊದಲು ಪಾಠ ನಿರ್ಣಯವಾಗಬೇಕಿತ್ತು. ಅದಕ್ಕೆ ಮೂಡುಬಿದಿರೆಯ ಗರಿಯ ಹೊರತು ಬೇರೆ ಪ್ರಮಾಣವಿರಲಿಲ್ಲ. ಅಷ್ಟರಲ್ಲಿ ಬಸದಿಯವರ ಮನವೂ ಒಲಿದು ಮೂಲದೊಡನೆ ಹೋಲಿಸಿ ನೋಡಲು ಅನುಮತಿ ದೊರೆತಿತ್ತು. ತಾಳೆಗರಿಯಲ್ಲಿ 'ಸಂಜದ' ಇತ್ತು. ನಕಲುಗಳ ದಾರಿಯಲ್ಲಿ ಎಲ್ಲಿಯೋ ಜಾರಿದ ಪದ ಮೂಲದಲ್ಲಿ ಸುರಕ್ಷಿತವಾಗಿತ್ತು.

ಗುಪ್ತ ಪ್ರತಿ ಹೊರಬರದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ; ಮೂಲವನ್ನು ಕಾಯದೆ ಹೋಗಿದ್ದರೆ ಉತ್ತರ ಸಿಗುತ್ತಿರಲಿಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ಮೂಲಪ್ರತಿಯ ಮಹತ್ವವನ್ನು ಬೋಧಿಸುವವರಿಗೆ ಇದಕ್ಕಿಂತ ಹತ್ತಿರದ ನಿದರ್ಶನ ದೊರೆಯಲಾರದು. ಸ್ತ್ರೀಯೊಬ್ಬಳು ಬರೆಯಿಸಿ ಕೊಟ್ಟ ಗ್ರಂಥ, ಇನ್ನೊಬ್ಬ ಸ್ತ್ರೀಯ ನೆರವಿನಿಂದ ಹೊರಬಂದು, ಸ್ತ್ರೀಯರನ್ನೇ ಕುರಿತ ಸೂತ್ರದ ಪಾಠನಿರ್ಣಯಕ್ಕೆ ಕಾರಣವಾದದ್ದು ಈ ಚರಿತ್ರೆಯ ವಿಶೇಷ.

ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ, 1948ರಲ್ಲಿ ಭಾರತೀಯ ಜ್ಞಾನಪೀಠ ಪ್ರಕಟಿಸಿದ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ'ಯನ್ನು ತೆರೆದರೆ ಈ ಊರಿನ ಭಂಡಾರದ ವ್ಯಾಪ್ತಿ ತಿಳಿಯುತ್ತದೆ. ಇಲ್ಲಿನ ಶ್ರೀಮತಿ ರಮಾರಾಣಿ ಜೈನ ಶೋಧ ಸಂಸ್ಥಾನದಲ್ಲಿ ತಾಳೆಗರಿಗಳ ಸಂಗ್ರಹವಿದೆ. ಅವುಗಳನ್ನು ನೇರವಾಗಿ ಓದಬೇಕಾದರೆ ಹಳಗನ್ನಡ ಲಿಪಿ ಮತ್ತು ಪ್ರಾಕೃತ ಎರಡರ ಪರಿಚಯವೂ ಬೇಕು. ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳು ಮೂಡುಬಿದಿರೆಗೆ ಶೈಕ್ಷಣಿಕ ಪ್ರವಾಸ ಬಂದಾಗ, ಸಾವಿರ ಕಂಬಗಳನ್ನು ಎಣಿಸಿದ ಬಳಿಕ ಗುರುಬಸದಿಯ ಹೊಸ್ತಿಲಲ್ಲಿಯೂ ಅರೆಗಳಿಗೆ ನಿಲ್ಲುವುದು ಉಚಿತ. ದೇಮಿಯಕ್ಕ, ಮಲ್ಲಿಕಬ್ಬೆ, ಲಕ್ಷ್ಮೀಬಾಯಿ ಎಂಬ ಮೂರು ಹೆಸರುಗಳನ್ನು ಅವರಿಗೆ ಹೇಳಬೇಕಾದ ಸ್ಥಳ ಅದು.