ಹರಿಹರದ ಶಾಸನಗಳೂ ಚಂದ್ರಗಣಿತವೂ

ಹರಿಹರದಲ್ಲಿ ದೊರೆತ ಬಾದಾಮಿಯ ಚಾಲುಕ್ಯ ವಿನಯಾದಿತ್ಯನ ತಾಮ್ರಶಾಸನವು ತನ್ನ ಕಾಲವನ್ನು ಶಕವರ್ಷ 616ರ ಕಾರ್ತಿಕ ಪೌರ್ಣಮಾಸಿಯೆಂದು ಹೇಳಿಕೊಳ್ಳುತ್ತದೆ, ಎಂದರೆ ಕ್ರಿ.ಶ. 694ರ ಗೌರಿ ಹುಣ್ಣಿಮೆ. ಇದಾಗಿ ಐದು ಶತಮಾನಗಳಿಗೂ ಮಿಕ್ಕಿದ ಮೇಲೆ, 1223-24ರ ಸುಮಾರಿಗೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಅದೇ ಊರಿನಲ್ಲಿ ಹರಿಹರೇಶ್ವರನ ದೇವಾಲಯವನ್ನು ಕಟ್ಟಿಸಿದನು. ಆ ದೇವಾಲಯದ ಶಿಲಾಶಾಸನಗಳನ್ನು ಬಿ.ಎಲ್. ರೈಸರು 1903ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ, ದಾವಣಗೆರೆ ತಾಲೂಕಿನ ಶಾಸನಗಳ ಸಾಲಿನಲ್ಲಿ ಸೇರಿಸಿ ಪ್ರಕಟಿಸಿದರು. ಅಂಥ ಶಾಸನಗಳನ್ನು ಓದುವವರಲ್ಲಿ ಹೆಚ್ಚಿನವರು ರಾಜನ ಬಿರುದಾವಳಿಯನ್ನೂ ದತ್ತಿಯ ವಿವರವನ್ನೂ ಆಸಕ್ತಿಯಿಂದ ನೋಡಿ, ನಡುವೆ ಬರುವ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳ ಪಂಕ್ತಿಯನ್ನು ಕೇವಲ ರೂಢಿಯ ಮಾತೆಂದು ದಾಟಿಹೋಗುವರು. ಆದರೆ ಚಂದ್ರನ ವೃದ್ಧಿಕ್ಷಯಗಳನ್ನು ನಮ್ಮ ಹಿರಿಯರು ಎಷ್ಟರ ಮಟ್ಟಿಗೆ ಅರಿತಿದ್ದರು ಎಂಬ ಪ್ರಶ್ನೆಗೆ ಸಾಕ್ಷ್ಯವು ದೊರೆಯುವುದು ಆ ಪಂಕ್ತಿಯಲ್ಲಿಯೇ.

ಚಂದ್ರನು ಸೂರ್ಯನಿಂದ 12 ಅಂಶ ಮುಂದೆ ಸಾಗಿದರೆ ಒಂದು ತಿಥಿ. ಅಂಥ 30 ತಿಥಿಗಳು ಕೂಡಿ ಒಂದು ಚಾಂದ್ರಮಾಸ. ಚಂದ್ರನು ಸ್ವಯಂಪ್ರಕಾಶನಲ್ಲ, ಸೂರ್ಯನ ಬೆಳಕಿನಿಂದಲೇ ಹೊಳೆಯುವನು, ಗ್ರಹಣವೆಂಬುದು ನೆರಳಿನ ಕಾರ್ಯ, ಎಂಬುದನ್ನು ಆರ್ಯಭಟನು ಐದನೆಯ ಶತಮಾನದ ಅಂತ್ಯದಲ್ಲಿಯೇ ಸ್ಪಷ್ಟವಾಗಿ ಹೇಳಿದ್ದನು. ಸೂರ್ಯಸಿದ್ಧಾಂತದ ಪ್ರಕಾರ ಒಂದು ಮಹಾಯುಗಕ್ಕೆ 1,57,79,17,828 ಸಾವನ ದಿನಗಳು, 5,34,33,336 ಚಾಂದ್ರಮಾಸಗಳು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಮಾಸವೊಂದಕ್ಕೆ 29.530588 ದಿನಗಳಾಗುತ್ತವೆ. ಇಂದಿನ ಖಗೋಳಶಾಸ್ತ್ರವು ಕೊಡುವ ಬೆಲೆಗೂ ಇದಕ್ಕೂ ಒಂದು ಸೆಕೆಂಡಿನಷ್ಟು ಕೂಡ ವ್ಯತ್ಯಾಸವಿಲ್ಲ. ದೂರದರ್ಶಕವಿಲ್ಲದ ಕಾಲದಲ್ಲಿ ಇಂಥ ನಿಷ್ಕರ್ಷೆಯು ಸಾಧ್ಯವಾದುದು, ತಲೆಮಾರುಗಳ ಪರ್ಯಂತ ಗ್ರಹಣಗಳನ್ನು ನೋಡಿ, ಗುರುತಿಟ್ಟು, ಲೆಕ್ಕವನ್ನು ತಿದ್ದುತ್ತ ಬಂದವರ ತಾಳ್ಮೆಯಿಂದ.

ಇದು ಮಧ್ಯಮಮಾನದ ಮಾತು. ಕಷ್ಟವೆಲ್ಲವೂ ಇರುವುದು ಸ್ಫುಟಗಣಿತದಲ್ಲಿ, ಏಕೆಂದರೆ ಚಂದ್ರನು ಒಂದೇ ವೇಗದಿಂದ ನಡೆಯುವವನಲ್ಲ. ಭೂಮಿಗೆ ಹತ್ತಿರ ಬಂದಾಗ ಅವನ ಗತಿ ತೀವ್ರವಾಗುತ್ತದೆ, ದೂರ ಸರಿದಾಗ ಮಂದವಾಗುತ್ತದೆ; ಇದನ್ನು ಸರಿಪಡಿಸಲು ಸಿದ್ಧಾಂತಿಗಳು ಬಳಸಿದ ಸಂಸ್ಕಾರಕ್ಕೆ ಮಂದಫಲವೆಂದು ಹೆಸರು. ಸೂರ್ಯಸಿದ್ಧಾಂತದಲ್ಲಿ ಅದರ ಪರಮಾವಧಿ 5 ಅಂಶ 2 ಕಲೆಗಳಷ್ಟು. ಆಧುನಿಕ ಗಣಿತದಲ್ಲಿ ಅದೇ ಸಂಸ್ಕಾರವು 6 ಅಂಶ 17 ಕಲೆಗಳೆಂದು ಕಂಡಾಗ, ನಮ್ಮವರು ಒಂದೂಕಾಲು ಅಂಶದಷ್ಟು ತಪ್ಪಿದರೆಂದು ತೀರ್ಮಾನಿಸುವ ಆತುರ ಸಹಜ. ವಾಸ್ತವ ಬೇರೆ. ಸೂರ್ಯನ ಆಕರ್ಷಣೆಯಿಂದ ಚಂದ್ರಗತಿಯಲ್ಲಿ 1 ಅಂಶ 16 ಕಲೆಗಳ ಎರಡನೆಯದೊಂದು ವೈಷಮ್ಯ ಉಂಟಾಗುತ್ತದೆ; ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಅದು ಮೊದಲನೆಯದರಿಂದ ಕಳೆಯುತ್ತದೆ, ಅಷ್ಟಮಿಯ ಸುಮಾರಿಗೆ ಅದಕ್ಕೆ ಕೂಡುತ್ತದೆ. ಕಳೆದರೆ ಉಳಿಯುವುದು 5 ಅಂಶ 1 ಕಲೆ, ಸಿದ್ಧಾಂತದ ಬೆಲೆಯೇ ಸರಿ. ಗ್ರಹಣಗಳು ಸಂಭವಿಸುವುದು ಪರ್ವಸಂಧಿಗಳಲ್ಲಿ, ಎಂದರೆ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಮಾತ್ರ. ಗ್ರಹಣಗಳಿಂದಲೇ ತಿದ್ದಿದ ಗಣಿತವು ಪರ್ವಸಂಧಿಗಳಲ್ಲಿ ಕರಾರುವಾಕ್ಕಾಗಿಯೂ ಪಕ್ಷಮಧ್ಯದಲ್ಲಿ ಸಡಿಲವಾಗಿಯೂ ಇರತಕ್ಕದ್ದು ಅನಿವಾರ್ಯ. ಆ ಸಡಿಲವು ಅಷ್ಟಮಿಯ ಆಸುಪಾಸಿನಲ್ಲಿ ಎರಡೂವರೆ ಅಂಶದವರೆಗೆ, ಎಂದರೆ ಸುಮಾರು ಐದು ಗಂಟೆಗಳವರೆಗೆ, ಬೆಳೆಯಬಲ್ಲುದು. ಶಾಸನಗಳ ಕಾಲನಿರ್ಣಯ ಮಾಡುವವರು ಇದನ್ನು ಮರೆಯಬಾರದು: ಪೌರ್ಣಿಮೆಯ ಅಥವಾ ಗ್ರಹಣದ ದತ್ತಿಯೊಂದು ಇಂದಿನ ಗಣಿತಕ್ಕೆ ಹೊಂದದಿದ್ದರೆ ಶಂಕೆಗೆ ಆಸ್ಪದವುಂಟು, ಸಪ್ತಮಿ ನವಮಿಗಳ ದತ್ತಿಯು ಒಂದು ದಿನ ಹಿಂದುಮುಂದಾದರೆ, ಅಷ್ಟರಿಂದಲೇ ಅದನ್ನು ಕೂಟಶಾಸನವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಎರಡನೆಯ ಸಂಸ್ಕಾರದ ಸುಳಿವು ಭಾರತದಲ್ಲಿ ಯಾರಿಗೂ ಇರಲಿಲ್ಲವೆಂದಲ್ಲ. 932ರ ಮುಂಜಾಲನ ಲಘುಮಾನಸದಲ್ಲಿ ಅದು ಇದೆ. ಆದರೂ ಊರೂರಿನ ಪಂಚಾಂಗಕರ್ತರ ಕೈಗೆ ಅದು ಇಳಿದುಬರಲಿಲ್ಲ. ತಿಥಿಯು 60 ಘಳಿಗೆಗಿಂತ ಹೆಚ್ಚಿದರೆ ಐದು, ಕುಗ್ಗಿದರೆ ಆರು ಘಳಿಗೆ ಎಂಬ ಹಳೆಯ ನಿಯಮವನ್ನೇ ಅವರು ಹಿಡಿದುಕೊಂಡು ಬಂದರು. ಕಣ್ಣಿಗೆ ಕಾಣುವ ಆಕಾಶಕ್ಕೆ ಗಣಿತವನ್ನು ಹೊಂದಿಸುವ ದೃಗ್ಗಣಿತದವರು ಏಳು ಮತ್ತು ಹತ್ತು ಎನ್ನುವರು. ಕನ್ನಡನಾಡಿನಲ್ಲಿ ಗಣಿತವು ಸಂಸ್ಕೃತದಲ್ಲಿಯೇ ಉಳಿಯಿತೆಂಬ ಅಭಿಪ್ರಾಯವೂ ಪೂರ್ಣಸತ್ಯವಲ್ಲ: ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ರಚಿಸಿದ ಗಣಿತಗನ್ನಡಿಯು ಗ್ರಹಗಣಿತವನ್ನು ಕನ್ನಡದಲ್ಲಿ ವಿವರಿಸುವ ವ್ಯಾಖ್ಯಾನ. ಮುಂದೆ ಪಾಶ್ಚಾತ್ಯ ವೇಧಗಳನ್ನು ನಮ್ಮ ಪದ್ಧತಿಗೆ ಹೊಂದಿಸಿ ದೃಗ್ಗಣಿತಕ್ಕೆ ಬುನಾದಿ ಹಾಕಿದವರಲ್ಲಿ ಅಗ್ರಗಣ್ಯರಾದ ವೆಂಕಟೇಶ ಬಾಪೂಜಿ ಕೇತಕರರೂ 1854ರಲ್ಲಿ ನಮ್ಮ ನರಗುಂದದಲ್ಲಿಯೇ ಜನಿಸಿದವರು.

ಇನ್ನು ಪಂಚಾಂಗವನ್ನು ಕೈಯಲ್ಲಿ ಹಿಡಿಯದ ಜನರ ಚಂದ್ರಜ್ಞಾನ. ದಾವಣಗೆರೆ ಸೀಮೆಯ ರೈತನಿಗೆ ಜ್ಯೇಷ್ಠ, ಆಷಾಢಗಳೆಂಬ ಹೆಸರಿಗಿಂತ ಕಾರಹುಣ್ಣಿಮೆ, ಮಣ್ಣೆತ್ತಿನ ಅಮಾವಾಸ್ಯೆ, ನೂಲಹುಣ್ಣಿಮೆ, ಭೂಮಿಹುಣ್ಣಿಮೆ, ಎಳ್ಳಮಾವಾಸ್ಯೆ, ಭಾರತಹುಣ್ಣಿಮೆಗಳೇ ಆಪ್ತವಾದ ಗುರುತುಗಳು. ವರ್ಷವೆಲ್ಲವೂ ಪರ್ವಸಂಧಿಗಳ ಮೇಲೆ, ಎಂದರೆ ಗಣಿತವು ಅತ್ಯಂತ ನಂಬಿಕೆಗೆ ಅರ್ಹವಾಗಿದ್ದ ಎಡೆಗಳ ಮೇಲೆಯೇ, ನಿಂತಿರುವುದು ಗಮನಾರ್ಹ.

ಯುಗಾದಿಯ ಮರುದಿನದ ಸಂಜೆ ನಡೆಯುವ ಚಂದ್ರದರ್ಶನವು ಈ ಜ್ಞಾನದ ಅತ್ಯಂತ ಸೂಕ್ಷ್ಮವಾದ ಭಾಗ. ಹೊಸಬಟ್ಟೆಯುಟ್ಟು ಮಾಳಿಗೆಯನ್ನೇರಿ, ಪಡುವಣದಲ್ಲಿ ಬಿದಿಗೆಯ ಚಂದ್ರನನ್ನು ಕಂಡು ಕೈಮುಗಿದು, ಬಳಿಕ ಹಿರಿಯರ ಕಾಲಿಗೆರಗುವುದು ಈ ಸೀಮೆಯ ಪದ್ಧತಿ. ಅದೇ ಪಡುವಣವನ್ನು ರಂಜಾನಿನ ಚಂದ್ರನಿಗಾಗಿ ಮುಸಲ್ಮಾನ ಬಾಂಧವರೂ ಅಷ್ಟೇ ಕಾತರದಿಂದ ನೋಡುವರು. ಬಿದಿಗೆಯೇ ಏಕೆಂಬುದಕ್ಕೆ ಶಾಸ್ತ್ರದಲ್ಲಿ ಉತ್ತರವುಂಟು: ಚಂದ್ರನು ಕಣ್ಣಿಗೆ ಬೀಳಲು ಸೂರ್ಯನಿಂದ 12 ಅಂಶ ದೂರವಾಗಿರಬೇಕೆಂದು ಸೂರ್ಯಸಿದ್ಧಾಂತವು ವಿಧಿಸುತ್ತದೆ, ಅದು ಒಂದು ತಿಥಿಯ ಪ್ರಮಾಣವೇ. ಚಂದ್ರನ ಯಾವ ಕೋಡು ಮೇಲಿದೆಯೆಂಬುದನ್ನು ನೋಡಿ ಹಿರಿಯರು ಮಳೆಬೆಳೆಗಳ ಫಲ ಹೇಳುವರು. ಇದು ಅಕ್ಷರವರಿಯದವರ ಕಲ್ಪನೆಯೆಂದು ಭಾವಿಸತಕ್ಕದ್ದಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ನೌಕೆ, ನೇಗಿಲು, ದಂಡ ಮೊದಲಾದ ಚಂದ್ರಾಕೃತಿಗಳನ್ನು ಫಲಸಹಿತವಾಗಿ ಪರಿಗಣಿಸಿದ್ದಾನೆ, ಕೋಡಿನ ಏರಿಳಿತವನ್ನು ಗಣಿಸಲು ಸಿದ್ಧಾಂತಗ್ರಂಥಗಳಲ್ಲಿ ಶೃಂಗೋನ್ನತಿಯೆಂಬ ಅಧಿಕಾರವೇ ಇದೆ.

ಹರಿಹರದ ಅಕ್ಷಾಂಶವು ಸುಮಾರು 14.5 ಅಂಶ. ಯುಗಾದಿಯ ಕಾಲದಲ್ಲಿ ಸಂಜೆಯ ಕ್ರಾಂತಿವೃತ್ತವು, ಎಂದರೆ ಸೂರ್ಯನ ಹಾದಿಯು, ಇಲ್ಲಿ ಪಡುವಣ ದಿಗಂತದ ಮೇಲೆ ಬಹುಮಟ್ಟಿಗೆ ನೆಟ್ಟಗೆ ನಿಂತಿರುವುದರಿಂದ, ಬಿದಿಗೆಯ ಚಂದ್ರನು ನೌಕೆಯಂತೆ ಅಂಗಾತ ಮಲಗಿದಂತೆ ಕಾಣುವನು. ಅವನ ಶರವು, ಎಂದರೆ ಕ್ರಾಂತಿವೃತ್ತದಿಂದ ಉತ್ತರಕ್ಕೋ ದಕ್ಷಿಣಕ್ಕೋ ಐದು ಅಂಶದವರೆಗಿನ ಸರಿತವು, ಆ ನೌಕೆಯನ್ನು ವರ್ಷದಿಂದ ವರ್ಷಕ್ಕೆ ಅತ್ತಿತ್ತ ಓಲಿಸುತ್ತದೆ: ಚಂದ್ರನು ಸೂರ್ಯನ ನೇರದಿಂದ ಬಡಗಲಿಗಿದ್ದರೆ ತೆಂಕಣ ಕೋಡು ಮೇಲಾಗುವುದು, ತೆಂಕಲಿಗಿದ್ದರೆ ಬಡಗಣ ಕೋಡು. ರಾಹುಕೇತುಗಳೆಂದು ಕರೆಯುವ ಪಾತಗಳು ಸುಮಾರು 18.6 ವರ್ಷಗಳಲ್ಲಿ ಒಂದು ಸುತ್ತು ತಿರುಗುವುದರಿಂದ ಈ ಓಲಾಟಕ್ಕೂ ಹೆಚ್ಚುಕಡಿಮೆ ಅಷ್ಟೇ ಅವಧಿ. ಮಳೆಯು ಕೋಡನ್ನು ನೋಡಿ ಬರುವುದಿಲ್ಲ. ಫಲದ ಭಾಗವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಪ್ರತಿವರ್ಷವೂ ಒಂದೇ ಸಂಜೆ ಒಂದೇ ದಿಕ್ಕನ್ನು ನೋಡಿ ಕೋಡಿನ ಭೇದವನ್ನು ಗುರುತಿಸಿದ ಕಣ್ಣು ನಿಜವಾದ ವೀಕ್ಷಕನ ಕಣ್ಣು.

ದಾವಣಗೆರೆ, ಹರಿಹರಗಳ ಶಿಕ್ಷಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ ಇಷ್ಟೇ: ಊರಿನ ಶಾಸನವನ್ನು ಓದುವಾಗ ತಿಥಿಯ ಪಂಕ್ತಿಯನ್ನು ಬಿಡದೆ ಗಣಿಸಿ ನೋಡಿರಿ, ಬರುವ ಯುಗಾದಿಯಿಂದ ಮೊದಲುಮಾಡಿ ಪ್ರತಿ ಬಿದಿಗೆಯ ಸಂಜೆ ಯಾವ ಕೋಡು ಮೇಲಿತ್ತೆಂಬುದನ್ನು ಶಾಲೆಯ ಒಂದು ಪುಸ್ತಕದಲ್ಲಿ ಬರೆದಿಡಿರಿ, ಹಿರಿಯರು ಹೇಳಿದ ಮಾತನ್ನೂ ಅದರ ಪಕ್ಕದಲ್ಲಿ ದಾಖಲಿಸಿರಿ. ಅಂಥ 19 ವರ್ಷಗಳ ಬರಹದಲ್ಲಿ ರಾಹುವಿನ ಒಂದು ಪೂರ್ಣ ಪ್ರದಕ್ಷಿಣೆಯು ಅಡಕವಾಗಿರುತ್ತದೆ.