ಸ್ಕೀಮ್ ಶೆಲ್

ಸ್ಕೀಮ್ ಶೆಲ್: ಯುನಿಕ್ಸ್ ಬಗೆಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಶೆಲ್ ಸ್ಕ್ರಿಪ್ಟುಗಳನ್ನು (ಆಜ್ಞೆಗಳ ಸರಣಿಯನ್ನು ನಡೆಸುವ ಕಡತಗಳನ್ನು) ಸ್ಕೀಮ್ ಎಂಬ ಸಾಮಾನ್ಯೋದ್ದೇಶ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಬರೆಯಲು ರೂಪಿಸಿದ ಮುಕ್ತ ತಂತ್ರಾಂಶ. ಸಂಕ್ಷಿಪ್ತ ಹೆಸರು ಎಸ್‌ಸಿಎಸ್‌ಎಚ್. ಅಮೆರಿಕದ ಗಣಕವಿಜ್ಞಾನಿ ಓಲಿನ್ ಶಿವರ್ಸ್ ಇದರ ಮುಖ್ಯ ನಿರ್ಮಾಪಕ. ವಿನ್ಯಾಸವನ್ನು ವಿವರಿಸುವ ಅವರ ಪ್ರಬಂಧ 1994ರಲ್ಲಿ ಹೊರಬಂತು. ಲಿಸ್ಪ್ ಕುಲದ ಸ್ಕೀಮ್ ಭಾಷೆಯ ಅನುಷ್ಠಾನಗಳಲ್ಲೊಂದಾದ ಸ್ಕೀಮ್ 48 ಇದರ ತಳಹದಿ.

ಬೋರ್ನ್ ಶೆಲ್‌ನಂಥ ಸಾಂಪ್ರದಾಯಿಕ ಶೆಲ್‌ಗಳಲ್ಲಿ ದತ್ತಾಂಶವೆಲ್ಲ ಬಹುಮಟ್ಟಿಗೆ ಅಕ್ಷರಸರಣಿಯ ರೂಪದಲ್ಲಿರುತ್ತದೆ. ಖಾಲಿ ಜಾಗವಿರುವ ಕಡತದ ಹೆಸರುಗಳು ಉದ್ಧರಣ ಚಿಹ್ನೆಯಿಲ್ಲದಿದ್ದರೆ ತುಂಡಾಗುತ್ತವೆ. ವಿಫಲವಾದ ಆಜ್ಞೆಯನ್ನು ಗಮನಿಸದೆ ಸ್ಕ್ರಿಪ್ಟ್ ಮುಂದುವರಿಯಬಹುದು. ಈ ಮಿತಿಗಳನ್ನು ನೀಗಿಸಲು ಸ್ಕೀಮ್ ಶೆಲ್ ಪೂರ್ಣ ಪ್ರಮಾಣದ ಭಾಷೆಯೊಳಗೆ ಶೆಲ್‌ನ ಅನುಕೂಲಗಳನ್ನು ಅಳವಡಿಸಿತು.

ಮುಖ್ಯ ಲಕ್ಷಣಗಳು: ಹೊರಗಿನ ಪ್ರೋಗ್ರಾಂಗಳನ್ನು ನಡೆಸಲು, ಪೈಪ್ ಮೂಲಕ ಜೋಡಿಸಲು ಮತ್ತು ಅವುಗಳ ಇನ್‌ಪುಟ್, ಔಟ್‌ಪುಟ್‌ಗಳ ದಾರಿ ಬದಲಿಸಲು ಮ್ಯಾಕ್ರೋಗಳಿಂದ ಕಟ್ಟಿದ ಸಂಕೇತಕ್ರಮ, ಪಾಸಿಕ್ಸ್ ಮಾನಕದ ವ್ಯವಸ್ಥಾ ಕರೆಗಳ ನೇರ ಬಳಕೆ, ಈ ಕರೆಗಳು ವಿಫಲವಾದಾಗ ಎಕ್ಸೆಪ್ಶನ್ ಹೊಮ್ಮಿಸುವ ವಿಧಾನ, ಆಕ್ ಎಂಬ ಯುನಿಕ್ಸ್ ಸಾಧನದ ಮಾದರಿಯ ಪಠ್ಯ ಸಂಸ್ಕರಣೆ. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ಗಳನ್ನು ಅಕ್ಷರಸರಣಿಯ ಬದಲು ಸ್ಕೀಮ್ ಮಾದರಿಯ ಆವರಣಬದ್ಧ ಪಟ್ಟಿಗಳಾಗಿ ಬರೆಯಬಹುದು.

ಆಜ್ಞಾಸಾಲಿನ ಸಂಪಾದನೆ, ಜಾಬ್ ನಿಯಂತ್ರಣಗಳು ಇಲ್ಲದ್ದರಿಂದ ಇದು ದೈನಂದಿನ ಸಂವಾದಾತ್ಮಕ ಶೆಲ್ ಆಗಿ ರೂಢಿಗೆ ಬರಲಿಲ್ಲ. ಸ್ಕ್ರಿಪ್ಟ್ ರಚನೆಯೇ ಮುಖ್ಯ ಬಳಕೆಯಾಯಿತು. ಇದರ ರೆಗ್ಯುಲರ್ ಎಕ್ಸ್‌ಪ್ರೆಶನ್ ಕ್ರಮವು ಸ್ಕೀಮ್ ಸಮುದಾಯದ ಎಸ್‌ಆರ್‌ಎಫ್‌ಐ 115 ನಿರ್ದಿಷ್ಟತೆಗೆ ಆಧಾರವಾಗಿದೆ.