ಬೇಸಿಗೆ ರಜೆ, ಹದಿನೈದರ ವಯಸ್ಸು ಮತ್ತು ಪುಸ್ತಕದ ಗಾಡಿ

ಏಪ್ರಿಲ್ ಎರಡನೇ ವಾರ ಶಾಲೆಗೆ ರಜೆ ಬಿದ್ದರೆ ಮತ್ತೆ ಬಾಗಿಲು ತೆಗೆಯುವುದು ಮೇ ಕೊನೆಗೆ. ಹೆಚ್ಚುಕಡಿಮೆ ಏಳು ವಾರ. ಸಣ್ಣ ಮಕ್ಕಳು ಅಜ್ಜಿ ಮನೆ, ಮಾವಿನ ಮರ, ಕೆರೆ ಏರಿ ಅಂತ ಹೇಗೋ ಕಳೆದುಬಿಡುತ್ತವೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಕೂತವರ ಕಥೆ ಬೇರೆ. ಹುಡುಗ ಗಾರೆ ಕೆಲಸಕ್ಕೋ ಟ್ರ್ಯಾಕ್ಟರ್ ಹಿಂದೆಯೋ ಹೋಗುತ್ತಾನೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಬಸವ ಜಯಂತಿ ಹೊತ್ತಿಗೆ ಯಾರೋ ನೆಂಟರು ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದರೂ ಆಶ್ಚರ್ಯವಿಲ್ಲ. ಜೂನ್‌ನಲ್ಲಿ ಕಾಲೇಜಿಗೆ ಸೇರುವವರು ಯಾರು, ಸೇರದೆ ಉಳಿಯುವವರು ಯಾರು ಎನ್ನುವುದು ಎಷ್ಟೋ ಮನೆಗಳಲ್ಲಿ ತೀರ್ಮಾನವಾಗುವುದು ಈ ಏಳು ವಾರಗಳಲ್ಲೇ.

ಈ ರಜೆಯಲ್ಲಿ ಹದಿಹರೆಯದವರನ್ನು ಗ್ರಂಥಾಲಯಕ್ಕೆ ಕರೆಯಬೇಕು ಅಂತ ಮೊದಲು ಯೋಚಿಸಿದವರು ಯಾರು? ಹುಡುಕುತ್ತಾ ಹೋದರೆ ಕುದುರೆ ಗಾಡಿ, ಎತ್ತಿನ ಗಾಡಿ, ತಲೆಹೊರೆ ಎಲ್ಲವೂ ಸಿಕ್ಕವು. ನಮಗೆ ಸಿಕ್ಕಿದ್ದನ್ನು ನಿಮ್ಮ ಮುಂದಿಡುತ್ತೇವೆ.

ರಜೆಯ ಓದಿನ ಪದ್ಧತಿ ಶುರುವಾದದ್ದು ಅಮೆರಿಕದಲ್ಲಿ, 1890ರ ದಶಕದಲ್ಲಿ. ಕ್ಲೀವ್‌ಲ್ಯಾಂಡ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಲಿಂಡಾ ಈಸ್ಟ್‌ಮನ್ ಎಂಬುವರು 1897ರಲ್ಲಿ ಮಕ್ಕಳದೊಂದು ಸಂಘ ಕಟ್ಟಿದರು. ಸೇರುವ ಮಕ್ಕಳು ಪುಸ್ತಕ ಹರಿಯುವುದಿಲ್ಲ, ಕೊಳೆ ಕೈಯಲ್ಲಿ ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು. ರಜೆಗೆ ಮುಂಚೆ ಓದಬಹುದಾದ ಪುಸ್ತಕಗಳ ಪಟ್ಟಿಯೂ ಮಕ್ಕಳ ಕೈಗೆ ಬರುತ್ತಿತ್ತು. ಸಾವಿರಾರು ಮಕ್ಕಳು ಸೇರಿದರು. ಆದರೆ ಅದು ಚಿಕ್ಕ ಮಕ್ಕಳ ಲೆಕ್ಕ. ಹದಿನಾಲ್ಕು ದಾಟಿದವರು ಅತ್ತ ಮಕ್ಕಳ ಕೋಣೆಗೂ ಸಲ್ಲದೆ, ಇತ್ತ ದೊಡ್ಡವರ ಕೋಣೆಗೂ ಸಲ್ಲದೆ ಬಾಗಿಲ ಹೊರಗೇ ಉಳಿಯುತ್ತಿದ್ದರು. ದೊಡ್ಡವರ ಕೋಣೆಗೆ ಕಾಲಿಟ್ಟರೆ ಗದ್ದಲ ಮಾಡುತ್ತಾರೆ ಅಂತ ಗದರಿಕೆ.

ಇದನ್ನು ಬದಲಿಸಿದವರಲ್ಲಿ ನಮಗೆ ತುಂಬ ಹಿಡಿಸಿದವರು ಮಾರ್ಗರೆಟ್ ಎಡ್ವರ್ಡ್ಸ್. ಟೆಕ್ಸಾಸ್‌ನ ಹಳ್ಳಿಗಾಡಿನ ಕಡೆಯವರು. 1932ರಲ್ಲಿ ಬಾಲ್ಟಿಮೋರ್ ನಗರದ ಇನಾಕ್ ಪ್ರಾಟ್ ಗ್ರಂಥಾಲಯ ಸೇರಿದರು. ಹದಿಹರೆಯದವರಿಗೆ ಅಂತಲೇ ಒಂದು ವಿಭಾಗ ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂತು. ಅವರ ಕೈಕೆಳಗೆ ಕೆಲಸಕ್ಕೆ ಬಂದವರು ಮೊದಲು 300 ಪುಸ್ತಕ ಓದಬೇಕು. ಓದಿದ್ದನ್ನು ಕಂತು ಕಂತಾಗಿ ಅವರ ಎದುರು ಕೂತು ಚರ್ಚಿಸಬೇಕು. ಪುಸ್ತಕ ಓದದವರು ಹುಡುಗರಿಗೆ ಪುಸ್ತಕ ಕೊಡುವುದು ಹೇಗೆ ಎನ್ನುವುದು ಅವರ ನೇರ ಲೆಕ್ಕಾಚಾರ. ಹುಡುಗಿ ಪ್ರೇಮಕಥೆ ಕೇಳಿದರೆ ಪ್ರೇಮಕಥೆಯನ್ನೇ ಕೊಡಿ, ಹುಡುಗ ಮೋಟಾರು ಗಾಡಿಯ ಪುಸ್ತಕ ಕೇಳಿದರೆ ಅದನ್ನೇ ಕೊಡಿ, ಮುಂದಿನ ಸಲಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದನ್ನು ಕೈಯಲ್ಲಿಡಿ ಎನ್ನುವುದು ಅವರ ದಾರಿ. ಉಪದೇಶದ ಪುಸ್ತಕವನ್ನೇ ಮೊದಲು ಮುಂದೆ ಹಿಡಿಯುವ ನಮ್ಮವರು ಇದನ್ನು ಸ್ವಲ್ಪ ಗಮನಿಸಬೇಕು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಎಡ್ವರ್ಡ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹತ್ತಿರದಲ್ಲಿ ಗ್ರಂಥಾಲಯವಿಲ್ಲದ ಬಡವರ ಕೇರಿಗಳಿಗೆ ಕುದುರೆ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹೊರಟರು. ಬಾಲ್ಟಿಮೋರ್‌ನಲ್ಲಿ ತರಕಾರಿ, ಹಣ್ಣು ಮಾರುವವರು ಕುದುರೆ ಗಾಡಿ ಹೊಡೆಯುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಅದೇ ಬೀದಿಗಳಲ್ಲಿ ಈ ಗಾಡಿಯಲ್ಲಿ ಬಂದದ್ದು ಪುಸ್ತಕ.

ಗಾಡಿಯ ಉಪಾಯ ಆ ಮೇರಿಲ್ಯಾಂಡ್ ರಾಜ್ಯಕ್ಕೆ ಹೊಸದೇನಲ್ಲ. ಹೇಗರ್ಸ್‌ಟೌನ್ ಎಂಬ ಊರಿನ ಗ್ರಂಥಪಾಲಕಿ ಮೇರಿ ಟಿಟ್‌ಕಂಬ್ 1905ರಲ್ಲೇ ಎರಡು ಕುದುರೆಯ ಪುಸ್ತಕದ ಗಾಡಿಯನ್ನು ರೈತರ ಮನೆ ಬಾಗಿಲಿಗೆ ಕಳಿಸಿದ್ದರು. ಗಾಡಿಗೆ ಕಪ್ಪು ಬಣ್ಣ ಬಳಿದಿದ್ದರಿಂದ ಹೆಣದ ಗಾಡಿ ಬಂತು ಅಂತ ಯಾರೋ ಮುಂದಕ್ಕೆ ಅಟ್ಟಿದರಂತೆ. ಆಮೇಲೆ ಚಕ್ರಕ್ಕೂ ಬಾಗಿಲಿಗೂ ಕೆಂಪು ಬಣ್ಣ ಬಳಿದರು. 1910ರಲ್ಲಿ ಆ ಗಾಡಿಗೆ ಗೂಡ್ಸ್ ರೈಲು ಬಡಿಯಿತು. ಒಂದೆರಡು ವರ್ಷ ಕೆಲಸ ನಿಂತು, ಬಳಿಕ ಮೋಟಾರು ಗಾಡಿ ಬಂತು.

ಇತ್ತ ನಮ್ಮ ದಕ್ಷಿಣಕ್ಕೆ ಬನ್ನಿ. 1931ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಮನ್ನಾರ್ಗುಡಿ ಹತ್ತಿರದ ಮೇಲವಾಸಲ್ ಎಂಬ ಹಳ್ಳಿಯಲ್ಲಿ ಎತ್ತಿನ ಗಾಡಿಯ ಗ್ರಂಥಾಲಯವೊಂದು ಹೊರಟಿತು. ಗಾಡಿ ಕಟ್ಟಿಸಿದವರು ಕನಕಸಭೈ ಪಿಳ್ಳೈ. ಉದ್ಘಾಟನೆ ಮಾಡಿದವರು ಎಸ್.ಆರ್. ರಂಗನಾಥನ್. ಗ್ರಂಥಾಲಯದವರಿಗೆ ದೇವರಂತಿರುವ ಈ ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. ಪಾಠ ಹೇಳಲು ಶುರು ಮಾಡಿದ್ದು 1917ರಲ್ಲಿ, ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. ಅವರ ಐದು ಸೂತ್ರಗಳ ಪುಸ್ತಕ ಬಂದದ್ದೂ ಅದೇ 1931ರಲ್ಲಿ. ಪುಸ್ತಕ ಇರುವುದು ಬಳಸುವುದಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂಬಂಥ ಸರಳ ಮಾತುಗಳು. ಕೇಳಿದರೆ ಇದರಲ್ಲೇನಿದೆ ಅನಿಸುತ್ತದೆ. ಬೀರುವಿಗೆ ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡ ಗ್ರಂಥಾಲಯವನ್ನು ನೋಡಿದವರಿಗೆ ಮಾತ್ರ ಅದರ ತೂಕ ಗೊತ್ತು. ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿದ್ದ ರಂಗನಾಥನ್ 1972ರಲ್ಲಿ ಇಲ್ಲೇ ತೀರಿಕೊಂಡರು.

ಗಾಡಿ ಇಲ್ಲದವರೂ ಇದ್ದರು. ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆ ಉತ್ತರ ಕರ್ನಾಟಕದಲ್ಲಿ ಇವತ್ತಿಗೂ ಜನರ ಬಾಯಲ್ಲಿದೆ. ಹಳೆ ಮೈಸೂರು ಸೀಮೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಬೆಂಗಳೂರು, ಮೈಸೂರಿಗೆ ಸಾರ್ವಜನಿಕ ಗ್ರಂಥಾಲಯ ಬಂದವು. ಅವು ಪೇಟೆಯವರಿಗೆ. ಹಳ್ಳಿಯ ಕಡೆ ತಿರುಗಿದ್ದು 1940ರ ದಶಕದಲ್ಲಿ, ವಯಸ್ಕರ ಶಿಕ್ಷಣ ಸಮಿತಿಯ ಮೂಲಕ. ಆ ಸಮಿತಿ ಹೊಸದಾಗಿ ಅಕ್ಷರ ಕಲಿತವರಿಗೆ ಅಂತಲೇ ‘ಬೆಳಕು’ ಎಂಬ ವಾರಪತ್ರಿಕೆ ನಡೆಸಿತು, ಹಳ್ಳಿಗಳಲ್ಲಿ ಸಣ್ಣ ಗ್ರಂಥಾಲಯ ತೆರೆಯಿತು. ಅಕ್ಷರ ಕಲಿತವರಿಗೆ ಓದಲು ಏನೂ ಸಿಗದಿದ್ದರೆ ಕಲಿತದ್ದು ಮರೆತುಹೋಗುತ್ತದೆ ಎನ್ನುವುದು ಅವರಿಗೆ ಅಂದೇ ಹೊಳೆದಿತ್ತು.

ಇದೇ ಮಾತನ್ನು ಅಮೆರಿಕದಲ್ಲಿ ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಶಾಲೆಯ ಮಕ್ಕಳ ವಿಷಯದಲ್ಲಿ ಹೇಳಿದರು. ಅಟ್ಲಾಂಟಾ ನಗರದ ಆರು, ಏಳನೇ ತರಗತಿಯ ಮಕ್ಕಳನ್ನು ಅಧ್ಯಯನ ಮಾಡಿ 1978ರಲ್ಲಿ ಅವರು ಪುಸ್ತಕ ಪ್ರಕಟಿಸಿದರು. ಶಾಲೆ ನಡೆಯುವಾಗ ಬಡವರ ಮಕ್ಕಳೂ ಉಳ್ಳವರ ಮಕ್ಕಳೂ ಬಹುಮಟ್ಟಿಗೆ ಜೊತೆಜೊತೆಗೆ ಕಲಿಯುತ್ತಾರೆ, ಅಂತರ ಬೆಳೆಯುವುದು ಬೇಸಿಗೆ ರಜೆಯಲ್ಲಿ ಎನ್ನುವುದು ಅವರು ಕಂಡದ್ದು. ರಜೆಯಲ್ಲಿ ಓದಿದ ಮಕ್ಕಳು ಹಿಂದೆ ಬೀಳಲಿಲ್ಲ. ಆ ಓದಿಗೆ ಬೇರೆ ಯಾವ ಸಂಸ್ಥೆಗಿಂತ ಹೆಚ್ಚು ನೆರವಾದದ್ದು ಸಾರ್ವಜನಿಕ ಗ್ರಂಥಾಲಯ. ಮನೆಯಿಂದ ಗ್ರಂಥಾಲಯ ಎಷ್ಟು ದೂರ ಎನ್ನುವುದೂ ಲೆಕ್ಕಕ್ಕೆ ಬಂತು. ಹಳ್ಳಿಯವರಾದ ನಾವು ಈ ದೂರದ ಮಾತನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳುತ್ತೇವೆ. ಪಂಚಾಯಿತಿ ಕೇಂದ್ರ ಮೂರು ಕಿಲೋಮೀಟರ್ ಆಚೆ ಇದ್ದರೆ ಹುಡುಗ ಸೈಕಲ್ ಏರುತ್ತಾನೆ. ಹುಡುಗಿಗೆ ಮನೆಯಲ್ಲಿ ಬೇಡ ಎನ್ನುತ್ತಾರೆ.

ಕರ್ನಾಟಕಕ್ಕೆ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆಗ ಇನ್ನೂ ಮೈಸೂರು ರಾಜ್ಯ. ಮದರಾಸಿನಲ್ಲಿ 1948ರಲ್ಲೇ ಕಾಯ್ದೆ ಆಗಿತ್ತು. ಮಂಗಳೂರು, ಉಡುಪಿ ಕಡೆಯವರು ಆಗ ಮದರಾಸಿಗೆ ಸೇರಿದ್ದರಿಂದ ಅವರಿಗೆ ಅದು ಮೊದಲೇ ಪರಿಚಯ. ನಮ್ಮ ಕಾಯ್ದೆಯ ಜೀವ ಇರುವುದು ಕರದಲ್ಲಿ. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ಅಂತ ಈಗ ಶೇ 6 ವಸೂಲಿ ಮಾಡುತ್ತಾರೆ. ಓದು ಬರದವರೂ ಇದನ್ನು ಕಟ್ಟುತ್ತಾರೆ. ವಸೂಲಾದ ಕರ ಪುಸ್ತಕವಾಗಿ ಬರಲು ಎಷ್ಟು ಕಾಲ ಹಿಡಿಯುತ್ತದೆ ಎನ್ನುವುದೇ ಈ ಕಾಯ್ದೆಯ ಹಳೆಯ ತಕರಾರು.

2019ರಲ್ಲಿ ದೊಡ್ಡ ಬದಲಾವಣೆ ಆಯಿತು. ಗ್ರಾಮ ಪಂಚಾಯಿತಿ ಮಟ್ಟದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಕೊರೊನಾ. ಶಾಲೆಗಳು ಮುಚ್ಚಿದ್ದವು. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ ಆಯಿತು. ಲಕ್ಷಗಟ್ಟಲೆ ಮಕ್ಕಳು ಹೆಸರು ಬರೆಸಿದರು. ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಅಂತ ಹೆಸರಾಯಿತು, ಗೋಡೆಗೆ ಬಣ್ಣ ಬಂತು, ಎಷ್ಟೋ ಕಡೆ ಕಂಪ್ಯೂಟರ್ ಬಂತು. ಈಚಿನ ವರ್ಷಗಳಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಇದನ್ನು ಒಳ್ಳೆಯ ಕೆಲಸ ಅಂತ ಹೇಳಲು ನಮಗೆ ಯಾವ ಹಿಂಜರಿಕೆಯೂ ಇಲ್ಲ.

ಆದರೆ ಸುದ್ದಿಗೆ ಅಂತ ನಾವು ಹೋದ ಶಿಬಿರಗಳಲ್ಲಿ ಕಂಡದ್ದು ಹೆಚ್ಚಾಗಿ ಸಣ್ಣ ಮಕ್ಕಳೇ. ಬಣ್ಣದ ಕಾಗದ, ಹಾಡು, ಚೆಸ್, ಕೊನೆಯ ದಿನ ಫೋಟೊ. ಅದೇ ಕೋಣೆಯ ಇನ್ನೊಂದು ಮೂಲೆಯಲ್ಲಿ ಇಪ್ಪತ್ತು ದಾಟಿದವರು ಪಿಡಿಒ, ಪೊಲೀಸ್ ಪರೀಕ್ಷೆಯ ಗೈಡ್ ಹಿಡಿದು ಕೂತಿರುತ್ತಾರೆ. ನಡುವೆ ಹದಿನೈದರವರು ಇಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಅಂದು ಬಿಟ್ಟುಹೋದ ವಯಸ್ಸೇ ಇಲ್ಲೂ ಬಿಟ್ಟುಹೋಗಿದೆ.

ಅವರಿಗೆ ಕೊಡುವಂಥದ್ದು ಕನ್ನಡದಲ್ಲಿ ಇಲ್ಲ ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ ಒಬ್ಬರೇ ಕೂತು ‘ಬಾಲ ಪ್ರಪಂಚ’ ಬರೆದರು. ನಿರಂಜನರ ಸಂಪಾದಕತ್ವದಲ್ಲಿ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಬಂದದ್ದು ಕಿರಿಯರಿಗೆ ಅಂತಲೇ. ತೇಜಸ್ವಿಯವರ ‘ಕರ್ವಾಲೊ’ ಕೈಗೆ ಸಿಕ್ಕ ಹುಡುಗ ಮುಗಿಸದೆ ಕೆಳಗಿಡುವುದು ಅಪರೂಪ. ಎಡ್ವರ್ಡ್ಸ್ ಅವರ ಲೆಕ್ಕದಲ್ಲಿ ನೋಡಿದರೆ ಕೊರತೆ ಇರುವುದು ಆ ಪುಸ್ತಕವನ್ನು ಓದಿದ್ದು, ಇದು ನಿನಗೆ ಸರಿಹೋಗುತ್ತದೆ ಅಂತ ತೆಗೆದುಕೊಡುವವರದು. ನಮ್ಮ ಅರಿವು ಕೇಂದ್ರಗಳಲ್ಲಿ ಇರುವವರು ಒಬ್ಬರೇ ಮೇಲ್ವಿಚಾರಕರು. ಬೀಗ ತೆಗೆಯುವುದು, ಕಸ ಗುಡಿಸುವುದು, ಪೇಪರ್ ಜೋಡಿಸುವುದು, ರಿಜಿಸ್ಟರ್ ಬರೆಯುವುದು, ಶಿಬಿರದ ವರದಿ ಕಳಿಸುವುದು ಎಲ್ಲ ಅವರೇ. ಅವರಿಗೆ 300 ಪುಸ್ತಕ ಓದಿ ಬನ್ನಿ ಅಂತ ಯಾವ ಬಾಯಲ್ಲಿ ಹೇಳುವುದು?

ಹಾಗಂತ ದುಡ್ಡೇ ಇಲ್ಲ ಅನ್ನುವಂತೆಯೂ ಇಲ್ಲ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಭಿಕ್ಷುಕರ ಕರ ಶೇ 3, ಅವುಗಳ ಜೊತೆಗೇ ಗ್ರಂಥಾಲಯ ಕರ ಶೇ 6 ಇರುತ್ತದೆ. ಮನೆ ತೆರಿಗೆ 1000 ರೂಪಾಯಿ ಆದರೆ ಅದು 60 ರೂಪಾಯಿ. ಮುಂದಿನ ಗ್ರಾಮಸಭೆಗೆ ಆ ರಸೀದಿ ಹಿಡಿದುಕೊಂಡು ಹೋಗಿ. ಹೋದ ವರ್ಷ ನಮ್ಮ ಊರಿನ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಹೈಸ್ಕೂಲು ಮುಗಿಸಿದವರು ಓದುವ ಪುಸ್ತಕ ಎಷ್ಟು ಬಂದವು ಅಂತ ಪಿಡಿಒ ಅವರನ್ನು ಕೇಳಿ. ಹೋಗುವಾಗ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಬರೆದ ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ, ಪ್ರಶ್ನೆಯನ್ನು ಅವಳೇ ಕೇಳಲಿ.